ಗೋಡೆಯಾಚೆಗೆ ಬಾಗಿದ ಕೇದಗೆ

ನನಗೆ ಮಕ್ಕಳಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮುಚ್ಚಿಟ್ಟರೂ ನಮ್ಮ ಲೈನಿನ ಹೆಂಗಸರು ನಿಮಗೆ ಹೇಳದೆ ಬಿಡುವವರಲ್ಲ.

ಆದರೆ ಸನತ್‌ನಗರದ ನಮ್ಮ ಕಾಲೊನಿಯಲ್ಲಿ ಕೂಸಿಗೆ ನೀರು ಎರೆಯುವುದಿದ್ದರೆ ಎಲ್ಲರೂ ಕರೆಯುತ್ತಿದ್ದದ್ದು ನನ್ನನ್ನೇ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆದೆನೆಂದರೆ ಎಂಥ ರಚ್ಚೆಯ ಕೂಸೂ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಹದಿನಾಲ್ಕು ಮಕ್ಕಳಿಗೆ ಎರೆದಿದ್ದೆ. ಜಯಮ್ಮನ ಕೈಗುಣ ಚಲೋ ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಸೊಕ್ಕು ಬರುತ್ತಿತ್ತು.

ಇನ್ನೊಂದು ಸೊಕ್ಕು ಹಿತ್ತಲಿನ ಕೇದಗೆಯದು. ತವರಿನ ಹಳ್ಳದ ದಂಡೆಯಿಂದ ಒಂದು ಮರಿಯನ್ನು ಕಿತ್ತು, ಗೋಣಿತಟ್ಟಿನಲ್ಲಿ ಸುತ್ತಿ, ರಾಯಚೂರಿನಲ್ಲಿ ರೈಲು ಹತ್ತಿ, ಡಬ್ಬಿಯವರ ಕೈಲೆಲ್ಲ ಬೈಸಿಕೊಂಡು ಸಿಕಂದರಾಬಾದಿನವರೆಗೆ ತಂದಿದ್ದೆ. ಆ ಎಲೆಗೆ ಎರಡು ಅಂಚಿನಲ್ಲೂ ಮುಳ್ಳು, ಬೆನ್ನಿನ ನಡುಗೆರೆಗೆ ಮತ್ತೊಂದು ಸಾಲು. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿ, ಮರಳು ಬೆರೆಸಿ ನೆಟ್ಟೆ. ನೀರನ್ನು ಬುಡಕ್ಕೆ ಮಾತ್ರ ಹಾಕುತ್ತಿದ್ದೆ. ಸುಳಿಯಲ್ಲಿ ನಿಂತರೆ ಗಿಡ ಕೊಳೆಯುತ್ತದೆ. ನನ್ನ ಗಂಡ ಶಿವಾನಂದನ ಫ್ಯಾಕ್ಟರಿ ಕೈಗವಸು ಹಾಕಿಕೊಂಡು ಒಣಗಿದ ಎಲೆ ಕೊಯ್ಯುತ್ತಿದ್ದೆ. ಒಂಬತ್ತು ವರ್ಷ ಕಾಯಿಸಿ ಮೊದಲ ಹೂ ಕೊಟ್ಟಿತು. ಅದರ ಒಂದು ಎಸಳು ಸೀರೆಯ ಟ್ರಂಕಿನಲ್ಲಿಟ್ಟರೆ ವರ್ಷವಿಡೀ ವಾಸನೆ.

ನಾನು ತಪ್ಪಿದ್ದು ಒಂದು ಕಡೆ. ಗಿಡ ಬಿಸಿಲಿನ ಆಸೆಗೆ ಪಕ್ಕದ ಮನೆಯ ಕಡೆ ವಾಲಿತು. ಎಳೆಯದಿದ್ದಾಗಲೇ ಕಡಿದು ತಿದ್ದಬೇಕಿತ್ತು. ಕಡಿಯಲು ಮನಸ್ಸಾಗಲಿಲ್ಲ. ಎದೆಮಟ್ಟದ ಗೋಡೆಯ ಮೇಲೆ ಹಾದು, ಆಚೆಯ ಅಂಗಳದಲ್ಲಿ ಮುಂಗೈ ದಪ್ಪದ ಎರಡು ಬಿಳಲು ಇಳಿಬಿಟ್ಟು ನೆಲ ಕಚ್ಚಿ ನಿಂತಿತು. ಹನ್ನೊಂದನೆಯ ವರ್ಷಕ್ಕೆ ಅಷ್ಟು ದೊಡ್ಡ ಗಿಡದ ಭಾರವನ್ನೆಲ್ಲ ಹೊತ್ತಿದ್ದು ಆ ಎರಡು ಬಿಳಲೇ.

ಆಚೆಯ ಮನೆ ಅಮರೇಶಪ್ಪನದು. ನನ್ನ ಗಂಡನ ಫ್ಯಾಕ್ಟರಿಯಲ್ಲೇ ಫಿಟರ್. ಅವನ ಹೆಂಡತಿ ಅಂಬವ್ವ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಗೋಡೆಯ ಮೇಲಿಂದಲೇ ದಾಟಿಸುವವಳು. ಒಳ್ಳೆಯ ಜನ. ಆ ಬೇಸಗೆಯಲ್ಲಿ ಮಗಳು ಪ್ರೇಮಾ ಚೊಚ್ಚಲ ಬಾಣಂತನಕ್ಕೆ ಬಂದಳು. ಬಾಣಂತಿ ಓಡಾಡುವ ಅಂಗಳ ಚೊಕ್ಕಟ ಮಾಡುತ್ತೇನೆಂದು ಅಮರೇಶಪ್ಪ ಕೊಡಲಿ ಹಿಡಿದು ನಿಂತ. ನಾನು ಓಡಿ ಬರುವಷ್ಟರಲ್ಲಿ ಒಂದು ಬಿಳಲು ಕಡಿದಾಗಿತ್ತು.

"ಇದೇನ್ರಿ ಮಾಡಾಕತ್ತೀರಿ?" ಅಂತ ಚೀರಿದೆ.

"ಕಣ್ಣಿಗೆ ಕಾಣವಲ್ದೇನು? ಶಿವಗ ಒಲ್ಲದ ಹೂವಿನ ಗಿಡ ನಮ್ಮ ಜಾಗಾದಾಗ ಯಾಕ ಕಾಲು ಊರತೈತಿ? ನಿಮ್ಮ ಗಿಡ ನಿಮ್ಮ ಕಡೆ ಇಟಗೋರಿ."

ಬಿಳಲು ಹೋದರೆ ಗಿಡ ನಿಲ್ಲುವುದಿಲ್ಲ, ನಿಮ್ಮ ಮೇಲೇ ಬೀಳುತ್ತದೆ ಎಂದು ತಿಳಿಯುವ ಹಾಗೆ ಹೇಳಬಹುದಿತ್ತು. ಸಿಟ್ಟು ನೆತ್ತಿಗೇರಿತ್ತು. "ಕಡೀರಿ, ಕಡೀರಿ! ಇದರ ಫಲ ನೀವ ಉಣ್ತೀರಿ!" ಅಂದೆ. ಅವನು ಎರಡನೆಯದನ್ನೂ ಕಡಿದ. ಅಂದಿನಿಂದ ಎರಡು ಮನೆಗೆ ಮಾತು ನಿಂತಿತು.

ಆಷಾಢದಲ್ಲಿ ಪ್ರೇಮಾ ಗಂಡು ಹಡೆದಳು. ಆಸ್ಪತ್ರೆಯಿಂದ ಬಂದ ಮರುದಿನವೇ ಕರೆಯಲು ಬರುತ್ತಾರೆಂದು ನಾನು ಕೈಯ ಬಳೆ ತೆಗೆದಿಟ್ಟು ಕೂತಿದ್ದೆ. ಬರಲಿಲ್ಲ. ಎಲ್ಲಿಂದಲೋ ಒಬ್ಬ ತೆಲುಗು ಮುದುಕಿಯನ್ನು ಕರೆಸಿದರು. ದಿನಾ ಬೆಳಿಗ್ಗೆ ಮುದುಕಿ ಕೂಸಿಗೆ ಎಣ್ಣೆ ಹಚ್ಚಿ, ಎಳೆಬಿಸಿಲು ಬೀಳುವ ಜಾಗವೆಂದು ಗೋಡೆಯ ಪಕ್ಕದ ಹಾಸುಗಲ್ಲಿನ ಮೇಲೆ ಮಲಗಿಸುತ್ತಿದ್ದಳು. ನೇರ ಕೇದಗೆಯ ತಲೆಯ ಕೆಳಗೆ.

ಅದೇ ವಾರ ಗಿಡದ ಬುಡದಲ್ಲಿ, ನಮ್ಮ ಕಡೆ, ಮಣ್ಣು ಬಿರಿದದ್ದು ಕಂಡೆ. ಬೆರಳು ಇಟ್ಟು ನೋಡಿದೆ. ಒಂದು ಬೆರಳು ಹಿಡಿಯಿತು. ಮೂರು ದಿನ ಬಿಟ್ಟು ಎರಡು ಬೆರಳು ಹಿಡಿಯಿತು. ಹೊಲಿಗೆ ಬಿಚ್ಚಿದಂತೆ ಬೇರು ಒಂದೊಂದಾಗಿ ಬಿಡುತ್ತಿತ್ತು. ನೈಲಾನ್ ಹಗ್ಗ ತಂದು, ಕಾಂಡಕ್ಕೆ ಗೋಣಿ ಸುತ್ತಿ, ಬಟ್ಟೆ ಒಣಹಾಕುವ ಸಿಮೆಂಟ್ ಕಂಬಕ್ಕೆ ಬಿಗಿದು ಕಟ್ಟಿದೆ. ಕೆಳಗಿನ ಎಲೆಗಳನ್ನೆಲ್ಲ ಕೊಯ್ದು ಭಾರ ಇಳಿಸಿದೆ. ಮರುದಿನ ನೋಡಿದರೆ ಹಗ್ಗ ತಂತಿಯಂತೆ ಸೆಟೆದಿತ್ತು.

ಶಿವಾನಂದ ನೋಡಿದ. "ರವಿವಾರ ಇಬ್ಬರು ಆಳು ಕರಕೊಂಡು ಬರ್ತೀನಿ. ಕಡದು ಹಾಕೂಣು. ಅಲ್ಲೀಮಟ ಕೂಸಿನ್ನ ಅಲ್ಲಿ ಮಲಗಿಸಬ್ಯಾಡ್ರಿ ಅಂತ ಅಮರೇಶಪ್ಪಗ ಹೇಳ್ತೀನಿ" ಅಂದ.

"ಹೇಳಬ್ಯಾಡ್ರಿ. ಆಳೂ ಮುಂದಿನ ರವಿವಾರ ಬರಲಿ" ಅಂದೆ ನಾನು.

ಯಾಕೆ ಹಾಗೆ ಅಂದೆ? ನನ್ನ ಮನಸ್ಸಿಗೆ ನಾನು ಕೊಟ್ಟುಕೊಂಡ ಕಾರಣ ಇದು: ಹಡೆಯದ ಹೆಂಗಸು, ಮೇಲಾಗಿ ಅವರ ಕೂಡ ಮಾತು ಬಿಟ್ಟವಳು, ತೊಟ್ಟಿಲಿಗೆ ಹಾಕದ ಕೂಸಿನ ಮೇಲೆ ಗಿಡ ಬೀಳುತ್ತದೆ ಅಂತ ಗಂಡನ ಕೈಲಿ ಹೇಳಿಸಿದರೆ, ಅದನ್ನು ಎಚ್ಚರಿಕೆ ಅಂತ ಯಾರು ಕೇಳುತ್ತಾರೆ? ಶಾಪ ಅನ್ನುತ್ತಾರೆ. ಈ ಕಾರಣ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಸುಳಿಯ ನಡುವೆ ಒಂದು ಹೂ ಮೂಡಿತ್ತು. ಇನ್ನೊಂದು ಎಂಟು ದಿನಕ್ಕೆ ಬಿರಿಯುತ್ತಿತ್ತು. ಹೇಳಿದ ಗಳಿಗೆಗೇ ಅಮರೇಶಪ್ಪ ಕೊಡಲಿ ತರುತ್ತಿದ್ದ. ಹೂ ಆಗಲಿ, ಆಮೇಲೆ ಕಡಿದರಾಯಿತು ಅಂದುಕೊಂಡೆ. ಒಂದು ಹೂವಿನ ಆಸೆಗೆ ಕೂಸನ್ನು ಅಷ್ಟೂ ದಿನ ಅದರ ಕೆಳಗೆ ಮಲಗಲು ಬಿಟ್ಟೆ. ಇದನ್ನು ಈವರೆಗೆ ಗಂಡನ ಎದುರಿಗೂ ಬಾಯಿಬಿಟ್ಟು ಹೇಳಿಲ್ಲ.

ಆ ದಿನಗಳಲ್ಲಿ ಬೆಳಿಗ್ಗೆ ನನಗೆ ಬೇರೆ ಕೆಲಸವೇ ಇರಲಿಲ್ಲ. ಮುದುಕಿ ಕೂಸನ್ನು ತಂದು ಮಲಗಿಸಿದಾಗಿನಿಂದ ಎತ್ತಿಕೊಂಡು ಹೋಗುವವರೆಗೆ ಹಗ್ಗ ಹಿಡಿದುಕೊಂಡು ನಿಲ್ಲುತ್ತಿದ್ದೆ. ನನ್ನ ಕೈಯಲ್ಲಿ ಅಷ್ಟು ಭಾರ ನಿಲ್ಲುವುದೇ? ಆದರೂ ನಿಲ್ಲುತ್ತಿದ್ದೆ. ಆಚೆಯಿಂದ ಕೂಸಿನ ಊಂ ಊಂ ಕೇಳಿಸುತ್ತಿತ್ತು. ಗಾಳಿ ಬಂದಾಗ ಬುಡದಲ್ಲಿ ಕಿರ್ ಅನ್ನುವ ಸದ್ದು ಬರುತ್ತಿತ್ತು.

ಆರನೆಯ ದಿನ ಬೆಳಗಿನ ಜಾವದಿಂದ ಜಡಿಮಳೆ ಸುರಿಯಿತು. ಎಂಟು ಗಂಟೆಗೆ ನಿಂತು, ಚಲೋ ಬಿಸಿಲು ಬಿತ್ತು. ಹಿತ್ತಲಿಗೆ ಬಂದು ನೋಡಿದೆ. ಕೇದಗೆಯ ಪ್ರತಿಯೊಂದು ಎಲೆಯ ಬುಡದಲ್ಲೂ ನೀರು ತುಂಬಿಕೊಂಡು ತಲೆ ಒಂದು ಗೇಣು ಕೆಳಗೆ ಜಗ್ಗಿತ್ತು. ಬಿರುಕಿನಲ್ಲಿ ನನ್ನ ಅಂಗೈ ಪೂರಾ ಇಳಿಯಿತು. ಆಚೆ ಮುದುಕಿ ಹಾಸುಗಲ್ಲು ಒರೆಸಿ, ಚಾಪೆ ಹಾಸಿ, ಕೂಸನ್ನು ಮಲಗಿಸುತ್ತಿದ್ದಳು.

"ಅಂಬವ್ವಾ, ಕೂಸಿನ್ನ ತಗೀ! ಗಿಡ ಬೀಳತೈತಿ! ಕೂಸು ಸಾಯತೈತಿ!"

ಅಷ್ಟು ಜೋರಾಗಿ ನಾನು ಜನ್ಮದಲ್ಲಿ ಕೂಗಿರಲಿಲ್ಲ. ಎದುರು ಲೈನಿನವರೂ ಹೊರಗೆ ಬಂದರು. ಪ್ರೇಮಾ ಕೆದರಿದ ತಲೆಯಲ್ಲೇ ಓಡಿ ಬಂದು ಕೂಸನ್ನು ಎದೆಗೆ ಅವಚಿಕೊಂಡಳು. ಎಲ್ಲರೂ ಗಿಡ ನೋಡಿದರು.

ಗಿಡ ಬೀಳಲಿಲ್ಲ. ಹಾಳಾದದ್ದು, ಹಾಗೇ ವಾಲಿಕೊಂಡು ನಿಂತಿತ್ತು.

ಅಂಬವ್ವನ ಮುಖ ಬಿಳಿಚಿಕೊಂಡಿತ್ತು. "ಹದಿನೈದು ದಿನದ ಕೂಸಿಗೆ ಎಂಥಾ ಮಾತು ಆಡಿದಿ ಜಯಾ? ನಿನಗ ಬಾಯಿ ಹ್ಯಾಂಗರ ಬಂತು?"

"ಮೊದಲ ಹೇಳಿದ್ದಳಲ್ಲ, ಫಲ ಉಣ್ತೀರಿ ಅಂತ" ಅಂದ ಅಮರೇಶಪ್ಪ. "ಕರೀಲಿಲ್ಲ ಅಂತ ಹೊಟ್ಟಿಕಿಚ್ಚು ಇಕೀಗೆ. ತನಗ ಇಲ್ಲ, ಮಂದೀದು ನೋಡಾಕ ಆಗೂದಿಲ್ಲ."

ಬುಡ ಬಿರಿದಿದೆ, ಬಂದು ನೋಡಿ ಅಂತ ಬೇಡಿಕೊಂಡೆ. ಯಾರೂ ಬರಲಿಲ್ಲ. ಕೂಸನ್ನು ಮುಂದಿನ ಕೋಣೆಗೆ ಒಯ್ದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಗೋಡೆ ದಾಟಿ ನನ್ನ ಅಡುಗೆಮನೆಯವರೆಗೂ ಬಂತು. ಅದು ನನಗಾಗಿ ಸುಟ್ಟದ್ದು. ಕೆಮ್ಮುತ್ತ ಅತ್ತೆ.

ಮಧ್ಯಾಹ್ನ ಮೂರಕ್ಕೆ ಬಿತ್ತು. ಹಗ್ಗ ಹರಿಯಲಿಲ್ಲ, ಹಗ್ಗ ಕಟ್ಟಿದ ಕಂಬವೇ ಕಿತ್ತುಕೊಂಡು ಹೋಯಿತು. ಗೋಡೆ ಮೂರು ಮೊಳ ಕುಸಿಯಿತು. ನಾನು ರಸ್ತೆ ಸುತ್ತಿ ಅವರ ಅಂಗಳಕ್ಕೆ ಓಡಿದೆ. ಹಾಸುಗಲ್ಲು ಇಟ್ಟಿಗೆ, ಮುಳ್ಳೆಲೆಗಳ ಅಡಿಯಲ್ಲಿ ಕಾಣುತ್ತಲೇ ಇರಲಿಲ್ಲ. ಬಿದ್ದ ಪೆಟ್ಟಿಗೆ ಹೂ ಬಿರಿದು, ಅಂಗಳದ ತುಂಬ ಘಮ್ಮೆನ್ನುವ ವಾಸನೆ. ಕೂಸು ಉಳಿದಿತ್ತು. ಆ ಒಂದು ಗಳಿಗೆ ನನಗಾದ ಸಂತೋಷವನ್ನು ಏನಂತ ಹೇಳಲಿ? ಈಗ ಅಂಬವ್ವ ಬಂದು ತಬ್ಬಿಕೊಳ್ಳುತ್ತಾಳೆ ಅಂತಲೇ ತಿಳಿದಿದ್ದೆ.

ಪ್ರೇಮಾ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡೊಡನೆ ಕೂಸಿನ ಮುಖಕ್ಕೆ ಸೆರಗು ಮುಚ್ಚಿ ಒಳಗೆ ಹೋದಳು. ಅಂಬವ್ವ ಎರಡೂ ಕೈ ಜೋಡಿಸಿ ಹಿಂದೆ ಹಿಂದೆ ಸರಿದಳು. "ಸಾಕು ತಾಯಿ. ಇನ್ನ ಏನೂ ಆಡಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ."

ಸಂಜೆಯೊಳಗೆ ಕಾಲೊನಿಯ ತುಂಬ ಒಂದೇ ಮಾತು: ಕರಿನಾಲಿಗೆ. ಬೆಳಿಗ್ಗೆ ಅಂದಳು, ಮಧ್ಯಾಹ್ನ ಆಯಿತು. ಬಿಳಲು ಕಡಿದದ್ದು, ಮಣ್ಣು ಬಿರಿದದ್ದು, ಮಳೆ ಬಂದದ್ದು ಯಾವುದೂ ಯಾರಿಗೂ ಬೇಕಾಗಲಿಲ್ಲ. ಕಿರಾಣಿ ಅಂಗಡಿಯಲ್ಲಿ ನಾನು ಹೋದರೆ ಹೆಂಗಸರು ಮಕ್ಕಳನ್ನು ಬೆನ್ನ ಹಿಂದೆ ಎಳೆದುಕೊಳ್ಳತೊಡಗಿದರು. ಹಿಂದೆ ನಾನೇ ನೀರೆರೆದ ಮಕ್ಕಳು. ತೊಟ್ಟಿಲ ಕಾರ್ಯಕ್ಕೆ ಅಂಬವ್ವ ಕರೆಯಲಿಲ್ಲ. ತಟ್ಟೆ ತುಂಬ ಹೋಳಿಗೆ, ಮೇಲೆ ತುಪ್ಪ ಸುರಿದು, ಬಾಗಿಲಲ್ಲಿ ಇಟ್ಟು ಹೋಗಿದ್ದರು. ಹೆದರಿಕೆಯ ಹೋಳಿಗೆ ಅದು. ನಾಯಿಗೆ ಹಾಕಿದೆ. ಬೇರೆ ಕಡೆ ಮನೆ ನೋಡೋಣ ಅಂದ ಶಿವಾನಂದ. ಆಮೇಲೆ ಅವನೂ ನನ್ನ ಮುಂದೆ ಅಳೆದು ತೂಗಿ ಮಾತಾಡತೊಡಗಿದ. ಕೆಲಸಕ್ಕೆ ಹೊರಡುವಾಗ ನಾನು ಹುಷಾರ್ರಿ ಅಂದರೂ ಒಂದು ಕ್ಷಣ ನಿಂತುಬಿಡುತ್ತಿದ್ದ.

ಶ್ರಾವಣ ಮುಗಿಯುತ್ತ ಬಂದಾಗ, ಒಂದು ಮಧ್ಯಾಹ್ನ ಗುರುತಿಲ್ಲದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಕೈಯಲ್ಲಿ ತೆಂಗಿನಕಾಯಿ, ಹೊಸ ಕುಬಸದ ಕಣ. ಎರಡು ಬಸ್ಸು ಬದಲಿಸಿ ಬಂದಿದ್ದಳಂತೆ.

"ಅಕ್ಕಾರ, ನಿಮ್ಮ ಹೆಸರು ಕೇಳಿ ಬಂದೀನಿ" ಅಂದಳು. ದನಿ ತಗ್ಗಿಸಿದಳು. "ನನ್ನ ಮೈದುನನ ಹೆಂಡತಿ ಬಸರದಾಳ. ಆಕೀಗೆ ಗಂಡಾತು ಅಂದ್ರ ನಮಗ ಆ ಮನ್ಯಾಗ ಜಾಗಾ ಇಲ್ಲ. ನೀವು ಏನೂ ಮಾಡೂದು ಬ್ಯಾಡ. ಒಂದ ಮಾತು ಅಂದ್ರ ಸಾಕು."

ಕೆನ್ನೆಗೆ ಬಾರಿಸಿ ಕಳಿಸಬೇಕಿತ್ತು. ಕೈ ಎತ್ತಿದೆ ಕೂಡ. ಆದರೆ ನಲವತ್ತು ದಿನದಿಂದ ಒಂದು ನರಪಿಳ್ಳೆ ನನ್ನ ಹೊಸ್ತಿಲು ತುಳಿದಿರಲಿಲ್ಲ. ಅವಳೊಬ್ಬಳೇ ನನ್ನ ಮುಖವನ್ನು ನೇರ ನೋಡುತ್ತಿದ್ದಳು.

"ಒಳಗ ಬಾ, ಕೂಡು" ಅಂದೆ. ಚಾಪೆ ಹಾಸಿದೆ, ಚಹಾಕ್ಕೆ ಇಟ್ಟೆ. ಆಮೇಲೆ ಅವಳ ಎದುರಿಗೆ ಕೂತು, ಅವಳ ಮೈದುನನ ಹೆಂಡತಿಯ ಹೆಸರೇನು, ಎಷ್ಟು ತಿಂಗಳಾಯಿತು ಅಂತ ಕೇಳಿದೆ.