ಮೂವತ್ತೆಂಟನೇ ಡಿಸ್ಕ್

ಅಕ್ಕಯಮ್ಮ ಮೂವತ್ತೆಂಟು ಡಿವಿಡಿಗಳ ಮೇಲೂ ಮಾರ್ಕರ್‌ನಲ್ಲಿ ನಂಬರ್ ಬರೆದುಕೊಂಡೇ ಪದ್ಮನಾಭನಗರದಿಂದ ಶ್ರೀನಗರದ ಶಿವಕಿರಣನ ಅಂಗಡಿಗೆ ಹೋದರು. ಗಂಡ ರಾಮಯ್ಯ ಪೌರಾಣಿಕ ನಾಟಕಗಳಲ್ಲಿ ರಾಜವೇಷ ಹಾಕುತ್ತಿದ್ದವರು, ತೀರಿಕೊಂಡು ಒಂಬತ್ತು ವರ್ಷ. ಮನೆಯ ಪ್ಲೇಯರ್ ಕೆಟ್ಟಿತ್ತು. ನಾಟಕಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಸಬೇಕಿತ್ತು.

"ಬಿಟ್ಟೋಗಿ ಆಂಟಿ, ಮೂರು ದಿನದಲ್ಲಿ ಕೊಡ್ತೀನಿ," ಎಂದ ಶಿವಕಿರಣ್.

"ಬಿಟ್ಟೋಗಲ್ಲಪ್ಪ. ಇಲ್ಲೇ ಕೂತಿರ್ತೀನಿ."

ಪಕ್ಕದ ಮನೆಯವರಿಗೆ ಬೇರೆ ಯಾವುದೋ ಅಂಗಡಿಯವರು ಯಾರದೋ ಮದುವೆಯ ವಿಡಿಯೋ ಕೊಟ್ಟು ಕಳಿಸಿದ್ದು ಆಕೆಗೆ ಗೊತ್ತಿತ್ತು. ಸ್ಟೂಲ್ ಎಳೆದುಕೊಂಡು ಕೂತರು.

ಅವನು ಡಿಸ್ಕುಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮೂರು ಡ್ರೈವ್‌ಗಳಲ್ಲಿ ಒಟ್ಟಿಗೆ ಹಾಕುತ್ತಿದ್ದ. ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಂಡು, ಆಮೇಲೆ ಸಾಲಾಗಿ ಕನ್ವರ್ಟ್‌ಗೆ ಬಿಟ್ಟರೆ ಬೇಗ ಮುಗಿಯುತ್ತದಂತೆ. ಕಾಪಿಯಾದ ಪ್ರತಿಯೊಂದರ ಮೊದಲು, ನಡು, ಕೊನೆ ಓಡಿಸಿ ನೋಡುತ್ತಿದ್ದ. ಅಕ್ಕಯಮ್ಮ ಅವನ ಕೈಯನ್ನೇ ನೋಡುತ್ತಿದ್ದರು.

ಎರಡನೇ ದಿನ ಮಧ್ಯಾಹ್ನ ಕೊನೆಯ ಡಿಸ್ಕ್ ಬಂತು. ಹೆಡ್‌ಫೋನ್ ಹಾಕಿಕೊಂಡಿದ್ದ ಶಿವಕಿರಣ್ ಇದ್ದಕ್ಕಿದ್ದಂತೆ ಸ್ಕ್ರೀನನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಏನದು?"

"ಗೀರು ಬಿದ್ದಿದೆ ಆಂಟಿ. ಇದು ಬರಲ್ಲ."

ಉಳಿದವೆಲ್ಲ ಡಬ್ಬಿಗೆ ಹೋದರೆ, ಅದೊಂದು ಅವನ ಡ್ರಾಯರ್ ಸೇರಿತು.

ಆ ರಾತ್ರಿ ಅಕ್ಕಯಮ್ಮನಿಗೆ ಮನೆಯಲ್ಲಿ ಅನ್ನ ಸೇರಲಿಲ್ಲ. ಆ ಡಿಸ್ಕಿನಲ್ಲಿದ್ದದ್ದು ಗಂಡ ಮಡಿವಾಳದಲ್ಲಿ ಆಡಿದ ಕೊನೆಯ ನಾಟಕ. ಅದಾದ ಮೇಲೆ ರಾಮಯ್ಯ, ಹಾರ್ಮೋನಿಯಂ ಮೇಷ್ಟ್ರು ಶಾಂತವೀರಪ್ಪನವರ ಜೊತೆ ಜಗಳವಾಯಿತೆಂದು ವೇಷ ಹಾಕುವುದನ್ನೇ ಬಿಟ್ಟರು. ಆರೇಳು ತಿಂಗಳಿಗೆ ತೀರಿಕೊಂಡರು. ಆ ಡಿಸ್ಕನ್ನು ಮನೆಯಲ್ಲಿ ಯಾರೂ ಹಾಕಿ ನೋಡಿರಲಿಲ್ಲ. ಮಣ್ಣಿಗೆ ಬಂದ ಶಾಂತವೀರಪ್ಪನವರನ್ನು ಅಕ್ಕಯಮ್ಮ ಗೇಟಿನಲ್ಲೇ ತಡೆದು, "ಕೊರಗಿಸಿ ಕೊಂದವರು ನೀವೇ," ಎಂದು ವಾಪಸ್ ಕಳಿಸಿದ್ದರು. ಬರೀ ಗೀರು ಬಿದ್ದದ್ದಾದರೆ ಹುಡುಗ ಅದನ್ನೂ ಡಬ್ಬಿಗೇ ಹಾಕುತ್ತಿದ್ದ; ಆ ಜಗಳದ ಸಾಕ್ಷಿಯನ್ನು ಅಡಗಿಸಲು ಶಾಂತವೀರಪ್ಪನವರೇ ಅಂಗಡಿಯವನಿಗೆ ಹೇಳಿರಬೇಕು ಅನ್ನಿಸಿತು.

ಬೆಳಿಗ್ಗೆ ಹೋದವರೇ ಡ್ರಾಯರ್ ಮೇಲೆ ಕೈಯಿಟ್ಟರು. "ತೆಗಿ ಅದನ್ನ. ಬಚ್ಚಿಡು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ ಆಂಟಿ. ನೀವು ನೋಡಿದ್ರೆ ಸಂಕಟ ಆಗತ್ತೆ ಅಂತ ನಾನೇ..."

"ಅದನ್ನ ನೋಡ್ಕೊಳ್ಳೋಳು ನಾನು. ಹಾಕು."

ಸ್ಕ್ರೀನಿನಲ್ಲಿ ನಾಟಕದ ಕೊನೆಯ ಮಂಗಳದ ಹಾಡು ಮುಗಿದಿತ್ತು. ಕ್ಯಾಮೆರಾ ಆರಿಸಲು ಮರೆತು ಬಣ್ಣದ ಕೋಣೆಯಲ್ಲಿ ಇಟ್ಟುಬಿಟ್ಟಿದ್ದರು. ಕಿರೀಟ ಬಿಚ್ಚುತ್ತಿದ್ದ ರಾಮಯ್ಯ, ಪಕ್ಕದಲ್ಲಿ ಶಾಂತವೀರಪ್ಪ.

"ಡಾಕ್ಟ್ರು ಆರು ತಿಂಗ್ಳು ಅಂದವ್ರೆ ಮೇಷ್ಟ್ರೇ. ಅಕ್ಕಯಮ್ಮಂಗೆ ಗೊತ್ತಾಗ್ಬಾರ್ದು. ನಾಟ್ಕ ಯಾಕೆ ಬಿಟ್ಟೆ ಅಂದ್ರೆ ನಿಮ್ ಜೊತೆ ಜಗಳ ಆಯ್ತು ಅಂತೀನಿ. ಬೈತಾಳೆ ಅವ್ಳು, ಬೈಸ್ಕೊಳ್ಳಿ."

"ಆಯ್ತು ಬಿಡಿ," ಎಂದರು ಶಾಂತವೀರಪ್ಪ.

ಅಕ್ಕಯಮ್ಮ ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಕೊನೆಗೆ, "ಇದನ್ನೂ ಹಾಕು. ಏನೂ ಕತ್ತರಿಸಬೇಡ," ಎಂದರು. ಶಿವಕಿರಣ್ ತಲೆಯಾಡಿಸಿದ.

ಆಟೋ ಹಿಡಿದು ನೇರ ಮಡಿವಾಳದಲ್ಲಿದ್ದ ಮೇಷ್ಟ್ರ ಮನೆಗೆ ಹೋದರು. ಬಾಗಿಲು ತೆಗೆದ ಶಾಂತವೀರಪ್ಪ ಒಂದು ಕ್ಷಣ ಹಿಂದೆ ಸರಿದರು.

"ಒಂಬತ್ತು ವರ್ಷ ಯಾಕೆ ಸುಮ್ನಿದ್ರಿ?" ಎಂದು ಕೇಳಿದರು ಅಕ್ಕಯಮ್ಮ.

"ನಿಮ್ಗೆ ಕೋಪ ಇತ್ತಲ್ಲಮ್ಮ, ಅದ್ರಲ್ಲಾದ್ರೂ ದಿನ ತಳ್ತೀರಿ ಅನ್ಕೊಂಡೆ."

ಗಂಡನ ಮೇಲೋ, ಇವರ ಮೇಲೋ, ಯಾರ ಮೇಲೆ ಸಿಟ್ಟಾಗಬೇಕೆಂದು ಅಕ್ಕಯಮ್ಮನಿಗೆ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದರು.