ಊಲ್ಕಾನ್ ಆಪಾಳ ಬಲಗೈ

ಬೆಳಗ್ಗೆ ಎಂಟೂವರೆಗೆ, ಸ್ಟುಡಿಯೋಗೆ ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ಪೆರಿಜಾತ್ ತನ್ನ ಚಿತ್ರದಲ್ಲಿ ತಾನೇ ಮೂರು ವಾರ ಕೂತು ಬರೆದಿದ್ದ ಕೈಯನ್ನು ಬಣ್ಣ ಕೆರೆಯುವ ಚೂರಿಯಿಂದ ಕೆರೆದು ಹಾಕತೊಡಗಿದಳು. ದಪ್ಪಗೆ ಹಚ್ಚಿದ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಮಣಿಕಟ್ಟು. ಒಳಕ್ಕೆ ಬಾಗಿದ ಉಂಗುರದ ಬೆರಳನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದನ್ನು ಬರೆಯುವುದಕ್ಕೇ ಒಂದು ವಾರ ಹಿಡಿದಿತ್ತು. ಅದನ್ನೂ ಕೆರೆದಳು. ಕೆರೆದ ಬಣ್ಣವನ್ನು ಹಳೆಯ ಪೇಪರಿಗೆ ಒರೆಸಿ, ಚೂರಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು.

ಹತ್ತು ಗಂಟೆಗೆ ವೀಕ್ಷಣೆ. ನಮ್ಮಲ್ಲಿ ವರ್ಷದ ಕೊನೆಗೆ ಎಲ್ಲರ ಚಿತ್ರಗಳನ್ನೂ ಗೋಡೆಗೆ ತೂಗುಹಾಕಿ, ವಿದ್ಯಾರ್ಥಿಗಳನ್ನು ಹೊರಗೆ ನಿಲ್ಲಿಸಿ, ಅಧ್ಯಾಪಕರು ಬಾಗಿಲು ಹಾಕಿಕೊಂಡು ಅಂಕ ಕೊಡುತ್ತಾರೆ. ಐದಕ್ಕೆ ಐದು ಬಂದ ಚಿತ್ರ ವಿಶ್ವವಿದ್ಯಾಲಯದ ಭಂಡಾರಕ್ಕೆ ಹೋಗುತ್ತದೆ. ಅದರ ಬೆನ್ನಿಗೆ ಒಂದು ಸಂಖ್ಯೆ ಬೀಳುತ್ತದೆ, ಅಲ್ಲಿಗೆ ಬರೆದವರ ಋಣ ಮುಗಿಯಿತು. ಅದು ದೊಡ್ಡ ಗೌರವ ಅನ್ನುತ್ತಾರೆ. ಗೌರವವೇ, ಇಲ್ಲವೆನ್ನಲಾಗದು. ನಾಲ್ಕು ಬಂದದ್ದನ್ನು ಮಾತ್ರ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋಗಬಹುದು. ಪೆರಿಜಾತ್‌ಗೆ ನಾಲ್ಕು ಬೇಕಿತ್ತು. ಸ್ನಾತಕೋತ್ತರ ಮುಗಿಸಿದವರಲ್ಲಿ ಒಬ್ಬರನ್ನು ವಿಭಾಗದಲ್ಲೇ ಕಲಿಸುವ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ನಾಲ್ಕು ಬಂದರೆ ಆ ಕೆಲಸದ ಆಸೆ ಬಿಡಬೇಕು ಎನ್ನುವುದೂ ಅವಳಿಗೆ ಗೊತ್ತಿತ್ತು.

ಆದರೆ ಮಾತು ಕೊಟ್ಟಾಗಿತ್ತು. ಊಲ್ಕಾನ್ ಆಪಾ ಮೂವತ್ತೊಂದು ವರ್ಷದಿಂದ ಈ ಕಟ್ಟಡದಲ್ಲಿ ಚಿತ್ರಕ್ಕೆ ಕೂರುವವಳು. ಈ ವರ್ಷವೇ ಕೊನೆ. ಮಂಡಿ ಕೈಕೊಟ್ಟಿದೆ, ಅತ್‌ಬಾಶಿಯಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಮಾರ್ಚಿನಲ್ಲಿ ಒಂದು ದಿನ ಚಹಾದ ಬಿಡುವಿನಲ್ಲಿ ಈಸೆಲ್ಲಿನ ಈಚೆಗೆ ಬಂದು ನಿಂತು, ಬಟ್ಟಲು ಹಿಡಿದುಕೊಂಡು ಪೆರಿಜಾತ್ ಬರೆಯುತ್ತಿದ್ದ ತನ್ನ ಚಿತ್ರವನ್ನು ತುಂಬ ಹೊತ್ತು ನೋಡಿದ್ದಳು.

"ಇದನ್ನ ನಂಗೆ ಕೊಟ್ಬಿಡ್ತೀಯೇನೇ?"

"ನಿಮಗ್ಯಾಕೆ ಆಪಾ? ಭಂಡಾರದಲ್ಲಿ ನಿಮ್ಮವೇ ನಲವತ್ತಿವೆ."

"ನಲವತ್ತರಲ್ಲೂ ಬರೆಯೋರು ತೊಡಿಸಿದ ಮುಂಡಾಸು, ಅವರ ಮಖಮಲ್ಲು. ಒಂದ್ರಲ್ಲಿ ಕುರಿ ಕಾಯೋಳು, ಇನ್ನೊಂದ್ರಲ್ಲಿ ಯಾವನೋ ವೀರನ ತಾಯಿ. ನಿಮ್ಮ ಸ್ವೆಟರ್ರೇ ಹಾಕ್ಕೊಂಡು ಕೂತ್ಕೊಳ್ಳಿ ಅಂದೋಳು ನೀನೊಬ್ಳೇ ಕಣೆ."

"ನಿಮ್ಮ ಮಗಳ ಫೋನಲ್ಲಿ ಫೋಟೋ ಇರ್ತಾವಲ್ಲ."

"ಅದ್ರಲ್ಲೆಲ್ಲ ಹಲ್ಲು ಕಿರ್ಕೊಂಡಿರ್ತೀನಿ. ನಗು ನಗು ಅಂತಾರೆ, ನಗ್ತೀನಿ. ನಾನು ಸುಮ್ನಿದ್ದಾಗ ಹೆಂಗಿರ್ತೀನಿ ಅಂತ ಮೊಮ್ಮಕ್ಕಳಿಗೆ ಗೊತ್ತಾಗೋದು ಬೇಡ್ವಾ?"

"ಆಯ್ತು ಆಪಾ, ಕೊಡ್ತೀನಿ" ಎಂದುಬಿಟ್ಟಿದ್ದಳು ಪೆರಿಜಾತ್. ಆಗ ಚಿತ್ರ ಇಷ್ಟು ಚೆನ್ನಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಬಂದುಬಿಟ್ಟಿತು, ಅದೇ ತೊಂದರೆಯಾಯಿತು. ಮುಖ ಕೆಡಿಸಲು ಮನಸ್ಸು ಬರಲಿಲ್ಲ. "ಮುಖ ಯಾರು ಬೇಕಾದ್ರೂ ಬರೀತಾರೆ, ಕೈ ತೋರ್ಸು" ಎಂದು ಅವಳ ಮೇಷ್ಟ್ರು ಇಶೆನ್‌ಬೆಕ್ ವರ್ಷವಿಡೀ ಹೇಳುತ್ತಿದ್ದರು. ಕೈಯಿಲ್ಲದ ಚಿತ್ರಕ್ಕೆ ಯಾರೂ ಐದು ಕೊಡುವುದಿಲ್ಲ. ಕೈಯನ್ನು ಆಮೇಲೆ ಮತ್ತೆ ಬರೆದು ಆಪಾಳಿಗೆ ಕೊಟ್ಟರಾಯಿತು ಎಂದುಕೊಂಡಿದ್ದಳು.

ಒಂಬತ್ತೂವರೆಗೆ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿದರು. ಮಾಮೂಲಿನಂತೆ ಇಶೆನ್‌ಬೆಕ್ ಮೇಷ್ಟ್ರು ಚಿತ್ರಗಳು ಸೊಟ್ಟಗಿವೆಯೋ ನೆಟ್ಟಗಿವೆಯೋ ನೋಡಲು ಒಬ್ಬರೇ ಒಳಗೆ ಹೋದರು. ಬರಲು ತಡವಾಯಿತು. ಕೊನೆಗೆ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತ ಬಂದವರು ಪೆರಿಜಾತ್ ಎದುರು ಒಂದು ಕ್ಷಣ ನಿಂತು, ಅವಳ ಭುಜ ತಟ್ಟಿ ಮುಂದೆ ಹೋದರು. ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಹನ್ನೆರಡಕ್ಕೆ ಅಂಕಗಳನ್ನು ಓದಿದರು. "ಪೆರಿಜಾತ್, ಐದು. ಭಂಡಾರಕ್ಕೆ. ಕೈ ವಿಶೇಷವಾಗಿ ಚೆನ್ನಾಗಿದೆ ಅಂತ ಸಮಿತಿ ಹೇಳಿದೆ." ಗೆಳತಿಯರು ತಬ್ಬಿಕೊಂಡರು. ಕೈಯನ್ನು ಅವಳು ಕೆರೆದು ಹಾಕಿದ್ದಳಲ್ಲ. ಬಿಡಿಸಿಕೊಂಡು ಒಳಗೆ ಓಡಿದಳು.

ಚಿತ್ರದಲ್ಲಿ ಕೈ ಇತ್ತು. ಹಸಿರು ಸ್ವೆಟರಿನ ತೋಳಿನಿಂದ ಹೊರಬಂದು ತೊಡೆಯ ಮೇಲೆ ಹಗುರವಾಗಿ ಮಲಗಿತ್ತು. ಹತ್ತಿಪ್ಪತ್ತು ಬ್ರಷ್ ಎಳೆತ, ಅಷ್ಟೇ. ಹಾಗೆ ಬರೆಯಲು ಅವಳಿಗೆ ಇನ್ನೂ ಇಪ್ಪತ್ತು ವರ್ಷ ಬೇಕಿತ್ತು.

ಮೇಷ್ಟ್ರು ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ಬ್ರಷ್ ತೊಳೆಯುತ್ತಿದ್ದರು. ನಮ್ಮಲ್ಲಿ ಮೇಷ್ಟ್ರು ಶಿಷ್ಯರ ಚಿತ್ರಕ್ಕೆ ಕೈ ಹಚ್ಚುವುದು ಹೊಸದಲ್ಲ, ಕಲಿಸುವುದೇ ಹಾಗೆ. ವೀಕ್ಷಣೆಯ ದಿನ ಹಚ್ಚಬಾರದು ಎಂದು ನಿಯಮವಿದೆ. ಹಚ್ಚಿದರೆ ಯಾರೂ ಬಾಯಿ ಬಿಡುವುದಿಲ್ಲ.

"ಹೆದರ್ಕೊಂಡು ಕೆರೆದಿದ್ದೀಯ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು" ಎಂದರು ಅವರು, ಅವಳು ಬಾಯಿ ತೆರೆಯುವ ಮೊದಲೇ. "ನಿನ್ನ ವಯಸ್ಸಲ್ಲಿ ನಾನೂ ಹಂಗೇ ಮಾಡಿದ್ದೆ. ಹೋಗು, ಖುಷಿಯಾಗಿರು. ಯಾರಿಗೂ ಹೇಳ್ಬೇಡ."

"ಹೆದರಿ ಅಲ್ಲ ಮೇಷ್ಟ್ರೇ. ಬೇಕಂತಲೇ ಕೆರೆದಿದ್ದು. ಆಪಾಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ."

ಮೇಷ್ಟ್ರ ಕೈಯಲ್ಲಿನ ಸಾಬೂನು ಜಾರಿ ತೊಟ್ಟಿಗೆ ಬಿತ್ತು. "ನಂಗೆ ಮೊದ್ಲೇ ಹೇಳೋದಲ್ವಾ?"

"ಹೇಳಿದ್ರೆ ನಾಲ್ಕು ಕೊಡ್ತಿದ್ರಾ?"

ಅವರು ಬ್ರಷ್ಷನ್ನು ಅಂಗೈಗೆ ತಿಕ್ಕುತ್ತ ಯೋಚಿಸಿದರು. "ಇಲ್ಲ" ಎಂದರು. ಸುಳ್ಳು ಹೇಳುವವರಲ್ಲ. "ಸಂಖ್ಯೆ ಬಿದ್ದಾಯ್ತು ಕಣಮ್ಮ. ಆಪಾಗೆ ಬೇರೆ ಬರ್ಕೊಡು, ಒಂದು ಸಣ್ಣದು."

"ಶುಕ್ರವಾರ ಹೊರಟುಬಿಡ್ತಾರೆ" ಎಂದಳು ಪೆರಿಜಾತ್. ಅವಳಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಇಷ್ಟು ಒಳ್ಳೆಯ ಮನುಷ್ಯನ ಮೇಲೆ ಹೇಗೆ ಸಿಟ್ಟಾಗುವುದು ಎಂದು ತಿಳಿಯಲಿಲ್ಲ.

ಶುಕ್ರವಾರ ಬೆಳಗ್ಗೆ ಊಲ್ಕಾನ್ ಆಪಾ ಒಂದು ಚೀಲ, ಬಟ್ಟೆಯಲ್ಲಿ ಕಟ್ಟಿದ ಬೂರ್ಸೋಕ್ ಹಿಡಿದುಕೊಂಡು ಬಂದಳು. ಕರಿದ ಆ ರೊಟ್ಟಿತುಂಡುಗಳನ್ನು ಎಲ್ಲರಿಗೂ ಹಂಚಿದಳು. ಪೆರಿಜಾತ್ ಮೆಟ್ಟಿಲ ಹತ್ತಿರ ಆಕೆಯನ್ನು ನಿಲ್ಲಿಸಿಕೊಂಡು ಎಲ್ಲ ಹೇಳಿದಳು. ಆಪಾ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಹೋಗ್ಲಿ ಬಿಡು. ಕೊಡೋಕಾಗ್ದಿದ್ರೂ ನೋಡೋಕಾಗುತ್ತಲ್ಲ, ನಡಿ."

ಕೆಳಗಿನಿಂದ ಹತ್ತಿ ಬರುತ್ತಿದ್ದ ಮೇಷ್ಟ್ರು ಮಾತು ಕೇಳಿಸಿಕೊಂಡರು. ಆಕೆಯ ಚೀಲವನ್ನು ಕೈಯಿಂದ ತೆಗೆದುಕೊಂಡು ತಾವೂ ಜೊತೆಗೆ ಇಳಿದರು.

ಭಂಡಾರ ನೆಲಮಾಳಿಗೆಯಲ್ಲಿದೆ. ಅದನ್ನು ನೋಡಿಕೊಳ್ಳುವ ರೈಸಾ ಫ್ಯೋದೊರೊವ್ನಾ ಒಂದು ಹಾಳೆ ಆಚೀಚೆಯಾದರೂ ಬಿಡುವ ಹೆಂಗಸಲ್ಲ. ಗೊಣಗುತ್ತಲೇ ಬೀಗ ತೆಗೆದು, ಹೊಸದಾಗಿ ಬಂದ ಚಿತ್ರವನ್ನು ಎಳೆದು ಗೋಡೆಗೆ ಒರಗಿಸಿ ಇಟ್ಟಳು.

ಊಲ್ಕಾನ್ ಆಪಾ ಮುಖವನ್ನು ನೋಡಿದಳು. "ಹೂಂ, ನಾನೇ" ಎಂದಳು. ಸ್ವೆಟರಿನ ಮೊಣಕೈಗೆ ಹಾಕಿದ್ದ ತೇಪೆಯನ್ನು ನೋಡಿ ನಕ್ಕಳು. ಆಮೇಲೆ ಮಂಡಿ ಹಿಡಿದುಕೊಂಡು ಬಗ್ಗಿ ಕೈಯನ್ನು ನೋಡಿದಳು. ತನ್ನ ಬಲಗೈಯನ್ನು ಅದರ ಪಕ್ಕಕ್ಕೆ ಹಿಡಿದಳು.

"ಇದು ಯಾರ ಕೈ?"

ಮೇಷ್ಟ್ರು ಚೀಲವನ್ನು ಕೆಳಗಿಟ್ಟರು.

"ನಿಮ್ಮದೇ ಆಪಾ" ಎಂದರು.

"ನಂದೇ, ನಾನೇನು ಇಲ್ಲ ಅಂದ್ನಾ. ನೀನಿನ್ನೂ ವಿದ್ಯಾರ್ಥಿಯಾಗಿದ್ದಾಗ ಮೊದಲ್ನೇ ಸಲ ನನ್ನ ಬರೆದ್ಯಲ್ಲ, ಆಗ ಬೆರಳು ಹಿಂಗೇ ನೆಟ್ಟಗಿತ್ತು." ಆಕೆ ಬಗ್ಗಿದಲ್ಲಿಂದ ಎದ್ದು ನಿಂತು, ತನ್ನ ಬಾಗಿದ ಉಂಗುರದ ಬೆರಳನ್ನು ಅವರ ಮುಂದೆ ಹಿಡಿದಳು. "ಇದು ನಿಮ್ಮ ಮೆಟ್ಟಿಲ ಮೇಲೇ ಐಸಲ್ಲಿ ಜಾರಿ ಬಿದ್ದು ಮುರ್ಕೊಂಡಿದ್ದು. ಒಂಬತ್ತು ವರ್ಷ ಆಯ್ತು. ಒಂಬತ್ತು ವರ್ಷದಿಂದ ಇದನ್ನ ಇಟ್ಕೊಂಡು ನಿನ್ನ ಕಣ್ಮುಂದೇನೇ ಕೂತಿದ್ದೀನಲ್ಲೋ ಇಶೆನ್."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಹೊತ್ತು ಹೇಳಿದಂತೆ ಹೇಳಿದಳು. ಮೇಷ್ಟ್ರ ಮುಖ ಕಿವಿಯವರೆಗೂ ಕೆಂಪಾಯಿತು. ಅವರು ಚಿತ್ರವನ್ನು ನೋಡಿದರು, ಬೆರಳನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು.

"ಚೂರಿ ಕೊಡು" ಎಂದರು ಪೆರಿಜಾತ್ ಕಡೆ ತಿರುಗದೆ.

ಅವಳು ಏಪ್ರನ್ ಜೇಬಿನಿಂದ ತೆಗೆದುಕೊಟ್ಟಳು. ಎರಡು ದಿನದ ಹಸಿ ಬಣ್ಣ ಸಲೀಸಾಗಿ ಎದ್ದು ಬಂತು.

"ಏನ್ ಮಾಡ್ತಿದ್ದೀರಿ? ಅದು ಭಂಡಾರದ ಆಸ್ತಿ" ಎಂದಳು ರೈಸಾ ಫ್ಯೋದೊರೊವ್ನಾ.

"ತಪ್ಪು ಬರೆದಿದ್ದೀನಿ. ತಿದ್ದೋಕೆ ಚಿತ್ರ ಹೊರಗೆ ಹೋಗ್ಬೇಕು, ಬರ್ಕೊಳ್ಳಿ."

"ಯಾರು ತಪ್ಪು ಮಾಡಿದ್ದು ಅಂತ ಬರೀಲಿ?"

"ನಾನು. ವೀಕ್ಷಣೆ ದಿನ ಶಿಷ್ಯೆಯ ಚಿತ್ರಕ್ಕೆ ಕೈ ಹಚ್ಚಿದ್ದೀನಿ ಅಂತ ಬರೀರಿ."

ರೈಸಾ ಫ್ಯೋದೊರೊವ್ನಾ ಕನ್ನಡಕ ತೆಗೆದು ಅವರನ್ನು ನೋಡಿದಳು. "ಹಂಗೆ ಬರೆದ್ರೆ ಈ ಹುಡುಗಿಯ ಐದು ಉಳಿಯಲ್ಲ. ನಿಮಗೂ ಮೇಲಿಂದ ಕರೆ ಬರುತ್ತೆ."

"ಬರೀರಿ" ಎಂದಳು ಪೆರಿಜಾತ್. ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ರೈಸಾ ಫ್ಯೋದೊರೊವ್ನಾ ದಾಖಲೆ ಪುಸ್ತಕ ತೆಗೆದು ಬರೆದಳು. ಯಾವತ್ತು ವಾಪಸು ಎನ್ನುವ ಕಡೆ ಪೆನ್ನು ನಿಲ್ಲಿಸಿ, ಊಲ್ಕಾನ್ ಆಪಾಳನ್ನೂ ಆಕೆಯ ಚೀಲವನ್ನೂ ನೋಡಿ, ಆ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು.

ಬಸ್ ನಿಲ್ದಾಣದಲ್ಲಿ ಅತ್‌ಬಾಶಿಯ ಬಾಡಿಗೆ ಕಾರು ಹೊರಡಲು ಇನ್ನೊಬ್ಬ ಪ್ರಯಾಣಿಕ ಬೇಕಿತ್ತು. ಚಾಲಕ ಚಿತ್ರವನ್ನು ಮೇಲೆ ಕಟ್ಟುತ್ತೇನೆ ಎಂದ.

"ನನ್ನ ತಲೆ ಮೇಲೆ ನಾನೇ ಯಾಕಪ್ಪ ಕೂರ್ಲಿ" ಎಂದು ಆಪಾ ಅದನ್ನು ಒಳಗೇ ತೆಗೆದುಕೊಂಡು, ತೊಡೆಯ ಮೇಲೆ ಕಿಟಕಿಗೆ ಮುಖ ಮಾಡಿ ನಿಲ್ಲಿಸಿಕೊಂಡಳು.

"ರಜೆಗೆ ಬಂದು ಕೈ ಬರ್ಕೊಡ್ತೀನಿ ಆಪಾ."

"ಬಾ. ಕೆಲಸ ಹೋಯ್ತಲ್ಲ, ಈಗ ನಿಂಗೆ ಬೇಕಾದಷ್ಟು ಪುರುಸೊತ್ತು."

ಪೆರಿಜಾತ್ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಕೊನೆಯ ಪ್ರಯಾಣಿಕ ಬಂದ, ಬಾಗಿಲು ಮುಚ್ಚಿತು. ಕಾರು ಗಕ್ಕನೆ ಹೊರಟಾಗ ಚಿತ್ರ ಮುಂದಕ್ಕೆ ವಾಲಿತು. ಆಪಾ ಹಿಂದಿನಿಂದ ತೋಳು ಬಳಸಿ ಅದನ್ನು ಹಿಡಿದುಕೊಂಡಳು. ಗಾಜಿನಾಚೆ ಹಸಿರು ಸ್ವೆಟರ್, ಅದರ ತೋಳಿನ ತುದಿಯಲ್ಲಿ ಕೆರೆದು ಬಿಟ್ಟ ಬೂದು ಜಾಗ, ಆ ಜಾಗವನ್ನು ಒತ್ತಿ ಹಿಡಿದಿದ್ದ ಐದು ಬೆರಳು. ನಾಲ್ಕನೆಯದು ಒಳಕ್ಕೆ ಬಾಗಿತ್ತು.