ಅಮ್ಮ ಬೇಡವೆಂದ ಸಿನಿಮಾ

ಒಂದು ಸಿನಿಮಾ ನೋಡಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ದೇವರನ್ನು ಕೇಳಿದರು. ನಗಬೇಡಿ. ಬೋರ್‌ವೆಲ್ ಎಲ್ಲಿ ಕೊರೆಸಬೇಕು ಎಂದು ಕೇಳಿದವರು ನಾವು, ಮೇಲಿನ ಮನೆಯನ್ನು ಬ್ಯಾಚುಲರ್ ಹುಡುಗರಿಗೆ ಬಾಡಿಗೆಗೆ ಕೊಡಬಹುದೇ ಎಂದು ಕೇಳಿದವರು. ಸಿನಿಮಾ ಏನು ಮಹಾ? ಸಾರಕ್ಕಿಯ ಹಳೇ ಊರಿನವರು ನಾವು. ರಾಗಿ ಬೆಳೆಯುತ್ತಿದ್ದ ಜಾಗದಲ್ಲೆಲ್ಲ ಬಾಡಿಗೆ ಮನೆಗಳು ಎದ್ದರೂ ಮನೆದೇವರು ಮಾತ್ರ ಅದೇ ರೇಣುಕಾ ಎಲ್ಲಮ್ಮ. ಆ ಎಲ್ಲಮ್ಮ ಮಾತಾಡುವುದು ನನ್ನ ವಾರಗಿತ್ತಿ ಅಂಕಮ್ಮನ ಬಾಯಲ್ಲಿ. ನನ್ನ ಸಂಕಟ ಅದೇ.

ನಾನು ಮಂಗಮ್ಮ, ಈ ಮನೆಯ ಹಿರೀಸೊಸೆ. ನನ್ನ ಯಜಮಾನರು ಚಿಕ್ಕಬೈರಪ್ಪ. ಅವರ ತಮ್ಮ ಗೂಳಪ್ಪ, ಗೂಳಪ್ಪನ ಹೆಂಡತಿ ಈ ಅಂಕಮ್ಮ. ಮೊದಲು ಅಮ್ಮ ಬರುತ್ತಿದ್ದದ್ದು ನಮ್ಮ ಅತ್ತೆಯ ಮೈಮೇಲೆ. ಅತ್ತೆ ತೀರಿಕೊಂಡಾಗ, ಇನ್ನು ಹಿರೀಸೊಸೆಯ ಮೇಲೆ ಬರುತ್ತಾಳೆ ಎಂದು ಊರೇ ಹೇಳಿತು. ಸೂತಕ ಕಳೆದ ಮೊದಲ ಮಂಗಳವಾರ ನಾನು ತಲೆಗೆ ನೀರು ಹಾಕಿಕೊಂಡು, ಉಪವಾಸವಿದ್ದು, ಒದ್ದೆ ಕೂದಲು ಬಿಟ್ಟುಕೊಂಡು ದೇವರ ಮನೆಯಲ್ಲಿ ಕೂತೆ. ತಮಟೆ ಬಡಿದರು, ಸಾಂಬ್ರಾಣಿ ಹಾಕಿದರು. ಕಾಲು ಜೋಮು ಹಿಡಿಯಿತೇ ಹೊರತು ಮತ್ತೇನೂ ಆಗಲಿಲ್ಲ. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಅಂಕಮ್ಮ ಇದ್ದಕ್ಕಿದ್ದ ಹಾಗೆ ಕಿರುಚಿಕೊಂಡು ಓಡಿ ಬಂದಳು. ಆವತ್ತು ಅವಳು ಸ್ನಾನವನ್ನಾದರೂ ಮಾಡಿದ್ದಳೋ ಇಲ್ಲವೋ, ನನಗೆ ಇನ್ನೂ ಅನುಮಾನ.

ಅಂದಿನಿಂದ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವವಳು ನಾನು, ತಂಬಿಟ್ಟು ಕಟ್ಟುವವಳು ನಾನು, ಬೇವಿನ ಸೊಪ್ಪು ತರಿಸಿಡುವವಳೂ ನಾನೇ. ಅಮ್ಮ ಬರುವುದು ಮಾತ್ರ ಅವಳ ಮೇಲೆ. ಕಾಫಿ ಸ್ವಲ್ಪ ಆರಿದ್ದರೆ ಲೋಟ ಪಕ್ಕಕ್ಕೆ ತಳ್ಳುವ ನನ್ನ ಗಂಡ, ತಮ್ಮನ ಹೆಂಡತಿಯ ಮುಂದೆ ಉದ್ದಕ್ಕೆ ಅಡ್ಡ ಬೀಳುತ್ತಾರೆ. ನಾನೂ ಬೀಳಬೇಕು. ಬೀಳುತ್ತೇನೆ, ಒಂದು ಕಣ್ಣು ಬಿಟ್ಟುಕೊಂಡೇ ಬೀಳುತ್ತೇನೆ. ಇವಳು ಕಳ್ಳನೋಟ ನೋಡುತ್ತಾಳಾ, ಜಾರಿದ ಸೆರಗು ಸರಿಮಾಡಿಕೊಳ್ಳುತ್ತಾಳಾ ಎಂದು ಕಾಯುತ್ತೇನೆ. ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ, ಮಾಯಗಾತಿ. ಹೌದು, ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಯಾಕಿಡಲಿ?

ಹೀಗಿರುವಾಗ ರೇಣುಕಮ್ಮನ ಕಥೆ ಸಿನಿಮಾ ಆಗಿ ಬಂತು. ಕಥೆ ಯಾರಿಗೆ ಗೊತ್ತಿಲ್ಲ? ನೀರಿಗೆ ಹೋದ ತಾಯಿ, ಹೊಳೆಯಲ್ಲಿ ಆಡುತ್ತಿದ್ದ ಗಂಧರ್ವರನ್ನು ಒಂದು ಗಳಿಗೆ ನೋಡುತ್ತಾ ನಿಂತಳು. ಅಷ್ಟಕ್ಕೇ ಗಂಡ ಜಮದಗ್ನಿ, ಇವಳ ತಲೆ ಕಡಿಯಿರಿ ಎಂದು ಮಕ್ಕಳಿಗೆ ಹೇಳಿದ. ಪರಶುರಾಮ ಕಡಿದ, ಆಮೇಲೆ ವರ ಕೇಳಿ ಬದುಕಿಸಿಕೊಂಡ. ಹೊಟ್ಟೆಕಿಚ್ಚು ಋಷಿಗಳನ್ನೇ ಬಿಟ್ಟಿಲ್ಲ, ನಾನು ಯಾವ ಲೆಕ್ಕ! ಆದರೆ ಸಿನಿಮಾದಲ್ಲಿ ರಕ್ತ ಪರದೆಯಿಂದ ಆಚೆ ಹರಿಯುವ ಹಾಗೆ ತೋರಿಸಿದ್ದಾರಂತೆ. ದೇವಿಗೆ ಅವಮಾನ ಎಂದು ಒಂದಷ್ಟು ಜನ ಥಿಯೇಟರಿನ ಮುಂದೆ ಕೂತರು. ಅವರ ವಿರುದ್ಧ ಇನ್ನೊಂದಷ್ಟು ಜನ ಟೀವಿಯಲ್ಲಿ ಕೂತರು.

"ಸಖತ್ತಾಗಿದೆಯಂತೆ ಕಣಮ್ಮ, ಎಲ್ರೂ ಹೋಗೋಣ. ಟಿಕೆಟ್ ಬುಕ್ ಮಾಡ್ಬಿಟ್ಟಿದ್ದೀನಿ," ಅಂದ ನನ್ನ ಮಗ ದೀಪಕ್.

"ಥೂ!" ಎಂದರು ಯಜಮಾನರು. "ಮನೆದೇವ್ರ ತಲೆ ಕಡಿಯೋದನ್ನ ಪಾಪ್‌ಕಾರ್ನ್ ತಿನ್ಕೊಂಡು ನೋಡ್ಬೇಕೇನೋ?"

"ಕಥೇಲಿ ಇರೋದೇ ತಾನೇ ಅಪ್ಪಾ?"

"ಕಥೆ ಬೇರೆ, ಕೊಚ್ಚೋದನ್ನ ನೋಡೋದು ಬೇರೆ."

"ನೋಡಿದ್ರೆ ಏನಾಗುತ್ತೆ?" ಎಂದೆ ನಾನು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿರೀಸೊಸೆಯ ಮಾತಿಗೆ ಈ ಮನೆಯಲ್ಲಿ ಕರಿಬೇವಿನ ಬೆಲೆ. ಸಾರಿಗೆ ಬೇಕು, ಊಟದಲ್ಲಿ ಎತ್ತಿ ಪಕ್ಕಕ್ಕಿಡುತ್ತಾರೆ.

ಗೂಳಪ್ಪ ಬಾಯಿ ಬಿಟ್ಟ. "ಜಗಳ ಯಾಕಣ್ಣಾ? ಮಂಗಳವಾರ ಅಮ್ಮನ್ನೇ ಕೇಳಿದ್ರಾಯ್ತು."

ಕೇಳಿದರು. ಅಂಕಮ್ಮ ಕೂದಲು ಕೆದರಿಕೊಂಡು, ಬೇವಿನ ಸೊಪ್ಪು ಝಾಡಿಸುತ್ತಾ ಗುಡುಗಿದಳು. "ನನ್ನ ತಲೆ ಉರುಳೋದು ನಿಮ್ಗೆ ತಮಾಷೇನೇನ್ರೋ? ನನ್ನ ಮಕ್ಕಳೇ ಆಗಿದ್ರೆ ಆ ಬಾಗ್ಲು ತುಳೀಬೇಡಿ!"

ಯಜಮಾನರು ಕೆನ್ನೆ ಕೆನ್ನೆ ಬಡಿದುಕೊಂಡರು. ದೀಪಕ್ ಮುಖ ಸಪ್ಪಗೆ ಮಾಡಿಕೊಂಡು ಟಿಕೆಟ್ ಕ್ಯಾನ್ಸಲ್ ಮಾಡಿದ. ನನಗೆ ಮೈಯೆಲ್ಲ ಉರಿಯಿತು. ನಾನು ಯಾವ ಸಿನಿಮಾ ನೋಡಬೇಕು ಎನ್ನುವುದನ್ನೂ ಇವಳೇ ಹೇಳಬೇಕಾ?

ಆಗ ಬಂತು ಆ ಯೋಚನೆ. ಅದು ನಿಜವಾಗಿ ಅಮ್ಮನ ಮಾತೇ ಆಗಿದ್ದರೆ, ಮೀರಿ ಹೋದವಳಿಗೆ ಏನಾದರೂ ಆಗಲೇಬೇಕು. ಕಾಲು ಉಳುಕಬೇಕು, ಜ್ವರವಾದರೂ ಬರಬೇಕು. ಏನೂ ಆಗದಿದ್ದರೆ ಅದು ಅಂಕಮ್ಮನದೇ ಮಾತು. ಬರುವ ಮಂಗಳವಾರ ಎಲ್ಲರ ಎದುರಿಗೆ ನಿಂತು, "ನಾನು ನೋಡಿಕೊಂಡು ಬಂದೆ, ಗಟ್ಟಿಮುಟ್ಟಾಗಿದ್ದೀನಿ" ಎಂದರೆ ಸಾಕು. ಆಮೇಲೆ ಯಾರು ಯಾರ ಕಾಲಿಗೆ ಬೀಳುತ್ತಾರೋ ನೋಡೋಣ. ದೇವರ ಮನೆಗೆ ಹೋಗಿ ಕುಂಕುಮ ಇಟ್ಟುಕೊಂಡು, "ತಾಯೇ, ಪರೀಕ್ಷೆ ಮಾಡ್ತಿರೋದು ಅವಳನ್ನ, ನಿನ್ನನ್ನಲ್ಲ, ತಪ್ಪು ತಿಳ್ಕೋಬೇಡ" ಎಂದು ಕೈಮುಗಿದೆ.

ಗಲಾಟೆಯಿಂದಾಗಿ ಸಿನಿಮಾವನ್ನು ಎಲ್ಲ ಕಡೆ ತೆಗೆದು, ಬನಶಂಕರಿಯ ಒಂದೇ ಥಿಯೇಟರಿನಲ್ಲಿ ಬೆಳಗಿನ ಆಟ ಮಾತ್ರ ಉಳಿಸಿದ್ದರು. ಅದೇ ವಾರ ಒಂದು ಬೆಳಿಗ್ಗೆ ಅಂಕಮ್ಮ ತನ್ನ ಅಕ್ಕನನ್ನು ನೋಡಿ ಬರುತ್ತೇನೆಂದು ಶ್ರೀನಗರ ಬಡಾವಣೆಗೆ ಹೊರಟಳು. ಅವಳು ಬೀದಿ ತಿರುಗುವುದನ್ನೇ ಕಾದು, ಫೋರ್ತ್ ಬ್ಲಾಕಿನಲ್ಲಿ ಬ್ಲೌಸ್ ಪೀಸ್ ತರುತ್ತೇನೆ ಎಂದು ಸೊಸೆ ಅರ್ಪಿತಳಿಗೆ ಹೇಳಿ ನಾನೂ ಆಟೋ ಹತ್ತಿದೆ. ಥಿಯೇಟರಿನ ಮುಂದೆ ಪೊಲೀಸಿನವರು ಕೂತು ಟೀ ಕುಡಿಯುತ್ತಿದ್ದರು. ಹೊಸಿಲು ದಾಟಿದೆ. ಕಾಲು ಉಳುಕಲಿಲ್ಲ.

ಒಳಗೆ ಕತ್ತಲು. ಜನ ಅಲ್ಲೊಬ್ಬರು ಇಲ್ಲೊಬ್ಬರು. ಪರದೆಯಲ್ಲಿ ಹೊಳೆ ಹರಿಯುತ್ತಿತ್ತು, ನಾಯಕಿ ಕೊಡ ಹೊತ್ತುಕೊಂಡು ಬರುತ್ತಿದ್ದಳು. ಆ ಬೆಳಕಿನಲ್ಲಿ ಮುಂದಿನ ಸಾಲುಗಳತ್ತ ಕಣ್ಣು ಹಾಯಿಸಿದೆ. ಒಬ್ಬಳು ತಲೆ ತುಂಬ ಸೆರಗು ಹೊದ್ದು ಒಬ್ಬಳೇ ಕೂತಿದ್ದಳು. ಆ ಕುತ್ತಿಗೆ, ಆ ಬಾಗಿದ ಎಡಭುಜ! ಇಷ್ಟು ವರ್ಷ ಒಂದು ಕಣ್ಣು ಬಿಟ್ಟುಕೊಂಡು ನೋಡಿದ ಮೈ ಅದು. ಸತ್ತರೂ ಮರೆಯುತ್ತೇನೆಯೇ?

ಅಂಕಮ್ಮ!

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ನಮಗೆಲ್ಲ ಬಾಗಿಲು ತುಳಿಯಬೇಡಿ ಎಂದವಳು ತಾನು ಮುಂದೆ ಬಂದು ಕೂತಿದ್ದಾಳೆ. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಮದುವೆಯ ದಿನವೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ. ಕೊನೆಗೂ ಸಿಕ್ಕಿಬಿದ್ದೆಯಲ್ಲೇ, ಮಾಯಗಾತಿ!

ಬಾಯಲ್ಲಿ ಹೇಳಿದರೆ ಯಜಮಾನರು ನಂಬುವುದಿಲ್ಲ. ಫೋಟೋ ಬೇಕು, ಪರದೆಯೂ ಅವಳೂ ಒಟ್ಟಿಗೆ ಬೀಳಬೇಕು. ಬಗ್ಗಿಕೊಂಡು ಅವಳ ಹಿಂದಿನ ಸಾಲಿಗೆ ಹೋಗಿ ಓರೆಯಾಗಿ ಕೂತೆ. ಪರದೆಯಲ್ಲಿ ಜಮದಗ್ನಿ ಅರಚುತ್ತಿದ್ದ, ದೊಡ್ಡ ಮಕ್ಕಳು ಆಗುವುದಿಲ್ಲ ಎನ್ನುತ್ತಿದ್ದರು, ಪರಶುರಾಮ ಕೊಡಲಿ ಎತ್ತಿದ. ಹುಡುಗರು ಶಿಳ್ಳೆ ಹಾಕಿದರು. ನಾನು ಪರದೆ ನೋಡಲಿಲ್ಲ, ಅವಳನ್ನೇ ನೋಡುತ್ತಾ ಮೊಬೈಲಿನ ಬಟನ್ ಒತ್ತಿದೆ.

ಫಳಾರನೆ ಫ್ಲಾಶ್ ಹೊಡೆಯಿತು.

"ಯಾರ್ರೀ ಅದು?" "ಆಂಟಿ, ಪೈರಸಿ ಮಾಡ್ತಿದ್ದೀರಾ?" ಎಂದು ಕೂಗಿದರು. ಅಂಕಮ್ಮ ತಿರುಗಿದಳು. ಅಷ್ಟರಲ್ಲಿ ಇಂಟರ್ವಲ್ ಬಿಟ್ಟು ದೀಪ ಹತ್ತಿಕೊಂಡಿತು. ಅವಳ ಮುಖವೆಲ್ಲ ಒದ್ದೆ.

ಕೈ ಹಿಡಿದು ಆಚೆ ಎಳೆದುಕೊಂಡು ಬಂದೆ. ಸಮೋಸ ಮಾರುವ ಕಟ್ಟೆಯ ಪಕ್ಕ ಗೋಡೆಗೆ ನಿಲ್ಲಿಸಿ ಶುರು ಹಚ್ಚಿಕೊಂಡೆ. "ಶ್ರೀನಗರ ಇಲ್ಲಿಗೆ ಯಾವಾಗ ಬಂತೇ? ಮನೆಯವ್ರಿಗೆಲ್ಲ ಬೇಡ, ನಿನಗೊಬ್ಬಳಿಗೇ ಬೇಕಾ? ಇರು, ಮಂಗಳವಾರ ಬರ್ಲಿ. ಎಲ್ಲರ ಮುಂದೆ ಈ ಫೋಟೋ ಇಡ್ತೀನಿ. ನಿನ್ನ ನಾಟಕ ಮುಗೀತು!"

ಅವಳು ಜಗಳವಾಡಲಿಲ್ಲ, ನೀವ್ಯಾಕೆ ಬಂದಿರಿ ಎಂದು ಕೇಳಲೂ ಇಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಡಿ ಅಕ್ಕಾ. ಏನಾದ್ರೂ ಆಗ್ಲಿ. ಅಮ್ಮ ಬೇಡ ಅಂದ್ಳು ಅಂತ ನೀವೆಲ್ಲಾ ಹೇಳಿದ್ರಿ. ನಾನು ಕೇಳಿಸ್ಕೊಂಡ್ನಾ? ನನಗೇನೂ ಗೊತ್ತಾಗಲ್ಲ ಅಕ್ಕಾ. ಅವಳು ಬರೋ ಹೊತ್ತಿಗೆ ನಾನು ಇರಲ್ಲ, ನಾನು ಬರೋ ಹೊತ್ತಿಗೆ ಅವಳು ಹೋಗಿರ್ತಾಳೆ."

"ಅದಕ್ಕೆ ಸಿನಿಮಾಗೆ ಬರ್ಬೇಕಾ?"

"ಅಮ್ಮನ ಮುಖ ನೋಡೋಣ ಅಂತ ಬಂದೆ. ಅವಳು ಬಂದ ಹೊತ್ತಲ್ಲಿ ಫೋಟೋ ತೆಗೆಯೋಕೂ ಬಿಡಲ್ಲ ಮನೇಲಿ. ನನ್ನ ಮೈಮೇಲೆ ಬರೋ ತಾಯಿ ಹೇಗಿರ್ತಾಳೆ ಅಂತ ನನಗೊಬ್ಬಳಿಗೇ ಗೊತ್ತಿಲ್ಲ." ಥಿಯೇಟರಿನ ಬಾಗಿಲ ಕಡೆ ಕೈ ತೋರಿಸಿದಳು. "ಅದು ಅವಳಲ್ಲ ಅಕ್ಕಾ. ಲಿಪ್‌ಸ್ಟಿಕ್ ಹಚ್ಚಿಕೊಂಡಿರೋ ಯಾವುದೋ ಹುಡುಗಿ. ಆದ್ರೂ ಕೊಡಲಿ ಎತ್ತಿದಾಗ ನೋಡೋಕಾಗ್ಲಿಲ್ಲ, ಕಣ್ಣು ಮುಚ್ಕೊಂಡ್ಬಿಟ್ಟೆ. ಆ ಹುಡುಗ್ರು ಶಿಳ್ಳೆ ಹಾಕಿದ್ರಲ್ಲಾ..."

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಮನೇಲಿ ಬೇಕಾದ್ದು ಹೇಳಿ. ಅದಕ್ಕೂ ಮೊದ್ಲು ನನಗೊಂದು ಹೇಳಿ. ಪ್ರತಿ ಮಂಗಳವಾರ ನೀವು ಎದುರಿಗೇ ಇರ್ತೀರಿ. ಅಮ್ಮ ಹೇಗಿರ್ತಾಳೆ?"

ಏನು ಹೇಳಲಿ? ಇಷ್ಟು ವರ್ಷ ನಾನು ಹುಡುಕಿದ್ದು ಅಂಕಮ್ಮನ ಕಳ್ಳತನವನ್ನು. ಎದುರಿಗೆ ಅಮ್ಮ ಇದ್ದಾಳೆ ಎಂದು ಒಂದು ಸಲವೂ ನೋಡಿರಲಿಲ್ಲ. ಅವಳಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಒಂದೇ ಒಂದು ಮಾತಿತ್ತು. ಅದು ನನ್ನ ಹೊಟ್ಟೆಯೊಳಗೆ ಉರಿಯುತ್ತಿದ್ದ ಕೆಂಡ. ಸತ್ತರೂ ಆಚೆ ಹಾಕಬಾರದು ಎಂದುಕೊಂಡಿದ್ದೆ.

"ಚೆನ್ನಾಗಿರ್ತಾಳೆ ಕಣೇ," ಎಂದೆ. "ಅಡುಗೆಮನೆ ಹೊಗೇಲಿ ಕಪ್ಪಾದ ಈ ಮುಖಾನೇ ಅಲ್ಲ ಅದು. ನೋಡೋಕೆ ಎರಡು ಕಣ್ಣು ಸಾಲದು."

ಅಂಕಮ್ಮ ತುಟಿ ಕಚ್ಚಿಕೊಂಡು ನನ್ನನ್ನೇ ದಿಟ್ಟಿಸಿದಳು. ಒಳಗೆ ಬೆಲ್ ಹೊಡೆಯಿತು, ಜನ ಸಮೋಸ ಹಿಡಿದುಕೊಂಡು ಒಳಗೆ ನುಗ್ಗಿದರು. ನಾವಿಬ್ಬರೂ ಅಲ್ಲೇ ನಿಂತಿದ್ದೆವು.

"ಎಲ್ಲಾ ನಿಮಗೇ ಸಿಕ್ತಲ್ಲಾ ಅಕ್ಕಾ," ಎಂದಳು ಕೊನೆಗೆ. "ಇಷ್ಟು ವರ್ಷ ಮನಸಾರೆ ನೋಡಿಬಿಟ್ರಿ."

ಆ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ಅದನ್ನು ನನಗಿಂತ ಚೆನ್ನಾಗಿ ಗುರುತಿಸುವವರು ಈ ಊರಲ್ಲಿ ಯಾರೂ ಇಲ್ಲ.